ಇಪ್ಪತ್ತಮೂರು ವರ್ಷ ಕಿಲ್ನ್ ನೋಡಿಕೊಂಡವನು ಲೋಕಸಭೆಗೆ ನಿಲ್ಲಬಹುದೇ?

ಪ್ರಶ್ನೆ ಕೇಳಿದವರು: ಕಿಲ್ನ್ ಮೆಕ್ಯಾನಿಕಲ್ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನನಗೀಗ ಐವತ್ತೊಂದು. ಗಿಣಿಗೇರಾ ಆಸುಪಾಸಿನ ಒಂದು ಸ್ಪಾಂಜ್ ಐರನ್ (ಉಕ್ಕು ಮಾಡಲು ಬಳಸುವ ಕಬ್ಬಿಣ) ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಮೆಕ್ಯಾನಿಕಲ್ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಕಿಲ್ನ್, ಅಂದರೆ ಅದರ ಕುಲುಮೆ, ನೋಡಿಕೊಂಡಿದ್ದೆ. ಕಾರ್ಖಾನೆಯ ಹೆಸರು ಬೇಡ. ಈಗ ಕೆಲಸ ಬಿಟ್ಟಿದ್ದೇನೆ. ಮುಂದಿನ ಲೋಕಸಭಾ ಚುನಾವಣೆಗೆ ಕೊಪ್ಪಳ ಕ್ಷೇತ್ರದಿಂದ ಪಕ್ಷೇತರನಾಗಿ ನಿಲ್ಲಬೇಕೆಂದಿದ್ದೇನೆ. ನಗುವವರು ಇಲ್ಲಿಯೇ ನಕ್ಕು ಮುಗಿಸಿ ಮುಂದೆ ಓದಿ.

ಮನೆಯಲ್ಲಿ ಈ ಮಾತು ತೆಗೆದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಮೊದಲು ಈ ಓಣಿಯ ನಲ್ಲಿಗೆ ನೀರು ಬರುವಂತೆ ಮಾಡಿ, ಆಮೇಲೆ ದೆಹಲಿಗೆ ಹೋಗುವಿರಂತೆ" ಎಂದಳು. ನಲ್ಲಿ ನಗರಸಭೆಯ ಕೆಲಸ, ನಾನು ಹೇಳುತ್ತಿರುವುದು ಬೇರೆ ಎಂದೆ. ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಮಾತು ಅಲ್ಲಿಗೇ ಮುಗಿಯಿತು.

ವಿಧಾನಸಭೆ ಬಿಟ್ಟು ಲೋಕಸಭೆಯೇ ಏಕೆ ಎಂದು ಕೇಳುತ್ತೀರಿ. ದೊಡ್ಡ ಉಕ್ಕಿನ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವುದು ದೆಹಲಿಯ ಸಚಿವಾಲಯ. ವಾಯು ಮಾಲಿನ್ಯದ 1981ರ ಕಾಯ್ದೆ ಸಂಸತ್ತಿನದು. ಜನರ ಅಹವಾಲು ಕೇಳಬೇಕೆನ್ನುವ 2006ರ ಅಧಿಸೂಚನೆ ಕೇಂದ್ರದ್ದು. ಕಲ್ಲಿದ್ದಲು ಸುಡುವ ಸ್ಪಾಂಜ್ ಐರನ್ ಚಿಮಣಿಯಿಂದ ಘನ ಮೀಟರಿಗೆ 100 ಮಿಲಿಗ್ರಾಂಗಿಂತ ಹೆಚ್ಚು ದೂಳು ಬರಬಾರದು ಎಂದು 2008ರಲ್ಲಿ ಬರೆದಿಟ್ಟದ್ದೂ ಕೇಂದ್ರವೇ. ಆ 100 ಎನ್ನುವುದು ಚಿಮಣಿಯ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವನು. ಆ ಸದನದಲ್ಲಿ ಅಂಥ ಒಬ್ಬನಾದರೂ ಎದ್ದು ನಿಂತು ಕೇಳಲಿ ಎಂಬುದು ನನ್ನ ಆಸೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆ ಒಳಗೆ ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಕಿಲ್ನ್ ಎಂದರೆ ತುಸು ಇಳಿಜಾರಾಗಿ ಮಲಗಿಸಿ ತಿರುಗಿಸುವ ಉಕ್ಕಿನ ದೊಡ್ಡ ಕೊಳವೆ. ಒಳಗೆ ಅದಿರು, ಕಲ್ಲಿದ್ದಲು, ಡೋಲೊಮೈಟ್. ಬಿಸಿ ಸಾವಿರ ಡಿಗ್ರಿಯ ಆಸುಪಾಸು. ಹೊರಬರುವ ಹೊಗೆ ಇಎಸ್‌ಪಿ ಎಂಬ ಪೆಟ್ಟಿಗೆಯನ್ನು ಹಾಯ್ದು ಹೋಗಬೇಕು. ಅದರಲ್ಲಿ ವಿದ್ಯುತ್ ಹರಿದಿರುವಾಗ ದೂಳು ಪ್ಲೇಟುಗಳಿಗೆ ಅಂಟಿಕೊಳ್ಳುತ್ತದೆ. ಸಣ್ಣ ಸುತ್ತಿಗೆಗಳು ಹೊತ್ತು ಹೊತ್ತಿಗೆ ಪ್ಲೇಟಿಗೆ ಬಡಿದು ದೂಳನ್ನು ಕೆಳಗೆ ಉದುರಿಸುತ್ತವೆ. ಆ ಠಣ್ ಠಣ್ ಸದ್ದು ನನ್ನ ಕಿವಿಯಲ್ಲಿ ಎಷ್ಟು ಕೂತಿತ್ತೆಂದರೆ, ರಾತ್ರಿ ಪಾಳಿಯಲ್ಲಿ ಕುರ್ಚಿಯ ಮೇಲೆ ತೂಕಡಿಸುತ್ತಿದ್ದರೂ ಅದು ನಿಂತ ತಕ್ಷಣ ಎಚ್ಚರವಾಗುತ್ತಿತ್ತು. ಎದ್ದು ಹೊರಗೆ ನೋಡಿದರೆ ಮೇಲಿನ ಕ್ಯಾಪ್ ಎತ್ತಿರುತ್ತಿದ್ದರು. ಕ್ಯಾಪ್ ಎತ್ತಿದರೆ ಹೊಗೆ ಇಎಸ್‌ಪಿಗೆ ಹೋಗುವುದಿಲ್ಲ, ನೇರ ಆಕಾಶಕ್ಕೆ. ಒತ್ತಡ ಏರಿ ಅಪಾಯವಾದಾಗ ಎತ್ತಲೆಂದು ಇಟ್ಟಿರುವ ಕ್ಯಾಪ್ ಅದು. ನಮ್ಮಲ್ಲಿ ಕರೆಂಟ್ ಬಿಲ್ ಏರಿದಾಗಲೂ ಏಳುತ್ತಿತ್ತು.

ಬೆಳಗ್ಗೆ ಲಾಗ್ ಪುಸ್ತಕದಲ್ಲಿ "ಇಎಸ್‌ಪಿ ದುರಸ್ತಿ" ಎಂದು ಬರೆದಿರುತ್ತಿತ್ತು. ಕೆಳಗಿನ ಸಹಿ ನನ್ನದು.

2025ರ ಫೆಬ್ರವರಿಯಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆದಾಗ ನಾನು ರಜೆ ಹಾಕಿ ಹೋಗಿದ್ದೆ. ಗವಿಮಠದ ಶ್ರೀಗಳೂ ಬಂದಿದ್ದರು. ಕಾಲೇಜು ಹುಡುಗರ ಹಿಂದೆ ನಿಂತಿದ್ದೆ. ಕಂಪನಿಯ ಗುರುತಿನ ಚೀಟಿ ಜೇಬಿನಲ್ಲೇ ಇತ್ತು. ಅದಾದ ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟೆ. ಆಮೇಲೊಮ್ಮೆ ರಸ್ತೆ ತಡೆಯಲ್ಲಿ ಕೂತು ನನ್ನ ಮೇಲೂ ಇನ್ನು ಕೆಲವರ ಮೇಲೂ ಒಂದು ಪ್ರಕರಣ ದಾಖಲಾಗಿದೆ.

ಹೊಗೆ ಬಿಟ್ಟವನೇ ಹೊಗೆಯ ವಿರುದ್ಧ ಮತ ಕೇಳಿದರೆ ಜನ ಒಪ್ಪುತ್ತಾರೆಯೇ? ಆ ಸಹಿಯ ವಿಷಯವನ್ನು ನಾನಾಗಿ ಹೇಳಬೇಕೇ? ಅರ್ಜಿ, ಠೇವಣಿಯ ವಿಷಯ ತಿಳಿದವರಿದ್ದರೆ ಅದನ್ನೂ ತಿಳಿಸಿ. ಅಂದಹಾಗೆ, ಸೂಚಕರಾಗಿ ಸಹಿ ಹಾಕಲು ಹಳೆಯ ಸಹೋದ್ಯೋಗಿಗಳು ಹತ್ತು ಮಂದಿ ಈಗಲೇ ಸಿದ್ಧರಿದ್ದಾರೆ.

ಉತ್ತರ: ಎರಡನೇ ಬೆಲ್ (ಕುಷ್ಟಗಿ)

ಸರ್, ನಾನು ಹೈಸ್ಕೂಲ್ ಮೇಷ್ಟ್ರು. ಐದು ಚುನಾವಣೆಗಳಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಒಮ್ಮೆ ನಾಮಪತ್ರದ ಟೇಬಲ್ಲಿನಲ್ಲೂ ಕೂತಿದ್ದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳುವಷ್ಟು ದೊಡ್ಡವನಲ್ಲ. ಕಾಗದದ ವಿಷಯ ಹೇಳಬಲ್ಲೆ.

ಆ ಹತ್ತು ಮಂದಿಯಿಂದಲೇ ಶುರು ಮಾಡುತ್ತೇನೆ. ಪಕ್ಷೇತರರಿಗೆ ಹತ್ತು ಸೂಚಕರು ಬೇಕು, ಸರಿ. ಆದರೆ ಹತ್ತೂ ಜನ ಇದೇ ಕ್ಷೇತ್ರದ ಮತದಾರರಾಗಿರಬೇಕು. ನಿಮ್ಮ ಕಾರ್ಖಾನೆಯವರಲ್ಲಿ ಎಷ್ಟು ಜನ ಹೊಸಪೇಟೆಯಲ್ಲಿ ಮನೆ ಮಾಡಿದ್ದಾರೆ, ಎಣಿಸಿ ನೋಡಿ. ಹೊಸಪೇಟೆ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಮುನಿರಾಬಾದಿನವನ ಸಹಿ ನಡೆಯುತ್ತದೆ, ಹೊಳೆ ದಾಟಿದರೆ ನಡೆಯುವುದಿಲ್ಲ. ಕಂಪ್ಲಿಯವರು ಬೇಡ, ಆದರೆ ಸಿರುಗುಪ್ಪದವರು ಬಳ್ಳಾರಿ ಜಿಲ್ಲೆಯವರಾದರೂ ನಡೆಯುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿಯವರೂ ಸರಿ, ಲಿಂಗಸುಗೂರಿನವರು ಬೇಡ. ಒಬ್ಬ ತಪ್ಪಿದರೆ ಅರ್ಜಿಯೇ ಹೋಗುತ್ತದೆ. ಆದ್ದರಿಂದ ನಾಲ್ಕು ಪ್ರತಿ ಸಲ್ಲಿಸಲು ಅವಕಾಶವಿದೆ, ನಾಲ್ಕನ್ನೂ ಬೇರೆ ಬೇರೆ ಸೂಚಕರಿಂದ ಮಾಡಿಸಿ.

ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ನಾಮಪತ್ರ ಸಲ್ಲಿಸುವುದಕ್ಕೆ ಒಂದು ದಿನ ಮೊದಲಾದರೂ ಚುನಾವಣಾ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದಿರಬೇಕು. ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ಇಲ್ಲದಿದ್ದರೆ "ಇಲ್ಲ" ಎಂದು ಬರೆಯಿರಿ. ಗೆರೆ ಎಳೆದು ಬಿಟ್ಟವರನ್ನು ನೋಡಿದ್ದೇನೆ, ಪರಿಶೀಲನೆಯ ದಿನ ಅವರ ಮುಖವನ್ನೂ ನೋಡಿದ್ದೇನೆ. ಅರ್ಜಿ ಕೊಟ್ಟ ಮೇಲೆ ಚುನಾವಣಾಧಿಕಾರಿಯ ಎದುರು ಪ್ರಮಾಣ ವಚನ ಓದುವುದಿರುತ್ತದೆ. ಹಾರ, ಫೋಟೊ ಗಡಿಬಿಡಿಯಲ್ಲಿ ಅದನ್ನು ಮರೆತು ಮನೆಗೆ ಹೋದವರೂ ಇದ್ದಾರೆ. ಮೂರು ಗಂಟೆಗೆ ಬಾಗಿಲು ಮುಚ್ಚುತ್ತದೆ.

ನಿಮ್ಮ ಮೇಲಿನ ಪ್ರಕರಣವನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕು. ಅಷ್ಟೇ ಅಲ್ಲ, ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆಯಲ್ಲೂ ಟಿವಿಯಲ್ಲೂ ಅದನ್ನು ನೀವೇ ಪ್ರಕಟಿಸಬೇಕು. ರಸ್ತೆಯಲ್ಲಿ ಕೂತದ್ದಕ್ಕೂ ಕೊಲೆಗೂ ಅದೇ ನಮೂನೆ, ಅದೇ ಅಳತೆಯ ಅಕ್ಷರ.

ಗೆದ್ದರೂ ಸೋತರೂ ಫಲಿತಾಂಶದ ದಿನದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಿ. ಸೋತ ಬೇಜಾರಿನಲ್ಲಿ ಕೊಡದೆ ಬಿಟ್ಟವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಉತ್ತರ: ಎಡದಂಡೆ (ಸಿಂಧನೂರು ತಾಲ್ಲೂಕು)

ಇಂಜಿನಿಯರ್ ಸಾಹೇಬರೇ, ನಾನು ಭತ್ತ ಬೆಳೆಯುವವನು. ನಿಮ್ಮ ಹೊಗೆ ನಮ್ಮೂರಿಗೆ ಬರುವುದಿಲ್ಲ. ಕೊಪ್ಪಳದ ಹೊಗೆ ಕೊಪ್ಪಳದವರಿಗೆ, ನಮಗೆ ನಾಲೆಯ ಚಿಂತೆ. ಇದು ನಿಮಗೆ ಕಹಿ ಎನ್ನಿಸಬಹುದು, ಆದರೆ ಎಂಟು ವಿಧಾನಸಭಾ ಕ್ಷೇತ್ರ ಸುತ್ತಿದಾಗ ಗೊತ್ತಾಗುತ್ತದೆ. ಯಲಬುರ್ಗಾದಲ್ಲಿ ಮಳೆ ಕೇಳುತ್ತಾರೆ, ಗಂಗಾವತಿಯಲ್ಲಿ ಭತ್ತದ ದರ ಕೇಳುತ್ತಾರೆ, ನಮ್ಮಲ್ಲಿ ನೀರು ಯಾವಾಗ ಬಿಡುತ್ತಾರೆ ಎಂದು ಕೇಳುತ್ತಾರೆ. ಹೊಗೆ ಎಂದರೆ "ಯಾವ ಹೊಗೆ?" ಎನ್ನುತ್ತಾರೆ.

ನಿಮಗೊಂದು ನೆನಪು ಮಾಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಡ್ಯಾಮ್ ತುಂಬಿತ್ತು. ನಾಟಿ ಮಾಡಿ ಇನ್ನೂ ಬೇರು ಹಿಡಿಯುವ ಹೊತ್ತು. ನಾವು ಮೊಬೈಲಿನಲ್ಲಿ ಆ ನೀರು ಹೋಗುವುದನ್ನು ನೋಡುತ್ತಾ ಕೂತೆವು. ನಮ್ಮ ಹೊಲಕ್ಕೆ ಬರಬೇಕಾದ ನೀರು ಅದು. ಗೇಟಿನ ತಜ್ಞರಾದ ಕನ್ನಯ್ಯ ನಾಯ್ಡು ಅವರು ಬಂದರು. ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿದರು. ವಾರದಲ್ಲಿ ನೀರು ನಿಂತಿತು. ಆ ವಾರ ನಮ್ಮೂರ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವವರ ಬಾಯಲ್ಲಿ ಯಾವ ಮಂತ್ರಿಯ ಹೆಸರೂ ಇರಲಿಲ್ಲ, ಅವರೊಬ್ಬರದೇ ಇತ್ತು. ಅವರೇನು ನಮ್ಮಲ್ಲಿ ಮತ ಕೇಳಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಇಂಜಿನಿಯರ್ ಇಂಜಿನಿಯರ್ ಆಗಿಯೇ ಇದ್ದರೆ ಊರು ನೆನಪಿಟ್ಟುಕೊಳ್ಳುತ್ತದೆ. ಬಿಳಿ ಬಟ್ಟೆ ಹಾಕಿದರೆ ಹತ್ತರಲ್ಲಿ ಹನ್ನೊಂದನೆಯವನಾಗುತ್ತೀರಿ.

ಆದರೂ ನಿಲ್ಲುತ್ತೀರಾದರೆ ಒಂದು ಕೇಳುತ್ತೇನೆ. ಡ್ಯಾಮ್ ಕಟ್ಟಿದಾಗ 132 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ಕ್ಕೆ ಬಂದಿದೆ. ಇಪ್ಪತ್ತೇಳು ಟಿಎಂಸಿಯ ಜಾಗದಲ್ಲಿ ಮಣ್ಣು ಕೂತಿದೆ. ತುಂಗಭದ್ರಾ ಮಂಡಳಿಗೆ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಹಾಗಾದರೆ ಅದು ಸಂಸದರು ಕೇಳಬೇಕಾದದ್ದೇ ಅಲ್ಲವೇ? ಅದನ್ನು ಕೇಳುತ್ತೀರಾದರೆ ನಮ್ಮ ಮನೆಯ ನಾಲ್ಕು ಮತದ ಬಗ್ಗೆ ಯೋಚಿಸೋಣ. ಐದನೆಯದು ನನ್ನ ತಮ್ಮನದು, ಅವನು ಒಂದು ಪಕ್ಷಕ್ಕೆ ಮಾರಿಹೋಗಿದ್ದಾನೆ.

ಸಹಿಯ ವಿಷಯ. ನೀವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಅದೂ ಪ್ರಚಾರ ಮುಗಿಯುವ ಹಿಂದಿನ ದಿನ ಸಂಜೆ. ಅವರ ಬಾಯಿಗೆ ಅದನ್ನು ಉಳಿಸಬೇಡಿ.

ಉತ್ತರ: ಭಾಗ್ಯನಗರದವಳು

ಅಣ್ಣಾ, ನಮ್ಮಮ್ಮ ದಿನಾ ಬೆಳಗ್ಗೆ ಅಂಗಳಕ್ಕೆ ನೀರು ಹಾಕುವ ಮೊದಲು ಕರಿ ದೂಳು ಗುಡಿಸುತ್ತಾಳೆ. ಒಣಹಾಕಿದ ಹಪ್ಪಳದ ಮೇಲೆ ಪಂಚೆ ಮುಚ್ಚುತ್ತಾಳೆ, ಸಂಜೆಗೆ ಪಂಚೆ ಝಾಡಿಸುತ್ತಾಳೆ. ಇದೆಲ್ಲ ಹವಾಮಾನವೇನೋ ಎಂದುಕೊಂಡಿದ್ದೆ. ಕ್ಯಾಪ್ ಎತ್ತುವುದು ಎಂಬ ಮಾತು ಇವತ್ತೇ ಮೊದಲು ಕೇಳಿದ್ದು. ನಿಮ್ಮ ಮೇಲೆ ಸಿಟ್ಟು ಬಂದದ್ದು ನಿಜ. ಹೇಳಿದಿರಲ್ಲ ಎನ್ನಿಸಿದ್ದೂ ನಿಜ.

ಇನ್ನೊಂದು ಮಾತು. ಲೋಕಸಭೆಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು 2023ರಲ್ಲಿ ಸಂವಿಧಾನ ತಿದ್ದುಪಡಿ ಆಗಿದೆ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿಗೆ ಬರುವಂತೆ. ಆಗ ನಮ್ಮ ಕೊಪ್ಪಳವೇ ಮಹಿಳಾ ಕ್ಷೇತ್ರವಾದರೆ ಅತ್ತಿಗೆಯವರನ್ನೇ ನಿಲ್ಲಿಸಿ. ನಲ್ಲಿಯ ಪ್ರಶ್ನೆ ಕೇಳಿದವರು ಅವರೇ ತಾನೇ? ನನ್ನ ಮತ ಅವರಿಗೆ.

ಉತ್ತರ: ಠೇವಣಿ ಕಳೆದವನು (ರಾಯಚೂರು)

ನಾನೂ ನಿಮ್ಮ ಜಾತಿಯವನೇ, ಎಂದರೆ ಕಾರ್ಖಾನೆಯ ಜಾತಿ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತನಾದೆ. ಒಮ್ಮೆ ರಾಯಚೂರಿನಿಂದ ಲೋಕಸಭೆಗೆ ನಿಂತಿದ್ದೆ. ಯಾವ ವರ್ಷ ಎಂದು ಹೇಳುವುದಿಲ್ಲ, ಹೇಳಿದರೆ ನೀವು ಹುಡುಕಿ ನನ್ನ ಮತದ ಲೆಕ್ಕ ತೆಗೆಯುತ್ತೀರಿ. ನೋಟಾ ನನಗಿಂತ ಮುಂದಿತ್ತು, ಅಷ್ಟು ಹೇಳಿದರೆ ಸಾಕು. ಪರಿಶಿಷ್ಟ ಪಂಗಡದವನಾದ್ದರಿಂದ ಹೋದದ್ದು 12,500 ಮಾತ್ರ. ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಹದಿಮೂರು ಲಕ್ಷ ಎಂದಿಟ್ಟುಕೊಳ್ಳಿ, ನಿಮಗೆ ಎರಡು ಲಕ್ಷ ಹದಿನಾರು ಸಾವಿರ ದಾಟಬೇಕು. ಕ್ಯಾಲ್ಕ್ಯುಲೇಟರ್ ಹಿಡಿದು ಬದುಕಿದವರು ನಾವು, ಆದರೂ ಆ ಲೆಕ್ಕವನ್ನು ನಾನು ಮಾಡಿದ್ದು ಎಣಿಕೆಯ ದಿನ.

ಚಿಹ್ನೆಗೆ ಮೂರು ಆಯ್ಕೆ ಬರೆಯಬೇಕು. ನಾನು ಮೊದಲು ಹೊಲಿಗೆ ಯಂತ್ರ ಬರೆದೆ, ಅದು ಇನ್ನೊಬ್ಬರಿಗೆ ಹೋಯಿತು. ನನಗೆ ಸಿಕ್ಕದ್ದು ಪ್ರೆಷರ್ ಕುಕ್ಕರ್. ಮೂವತ್ತು ವರ್ಷ ಬಾಯ್ಲರಿನ ಜೊತೆ ಬಾಳಿದವನಿಗೆ ದೇವರು ತಮಾಷೆ ಮಾಡಿದ. ಚಿಹ್ನೆ ಸಿಗುವುದು ನಾಮಪತ್ರ ವಾಪಸಿನ ಗಡುವು ಮುಗಿದ ಮೇಲೆ, ಮತದಾನಕ್ಕೆ ಎರಡು ವಾರವಿದ್ದಾಗ. ಪಕ್ಷದವರ ಚಿಹ್ನೆ ಅಜ್ಜನ ಕಾಲದಿಂದ ಗೋಡೆಯ ಮೇಲಿರುತ್ತದೆ. ಮತಯಂತ್ರದಲ್ಲೂ ಅವರ ಹೆಸರು ಮೇಲೆ, ನಮ್ಮದು ಕೊನೆಗೆ.

ಖರ್ಚಿನ ಮಿತಿ 95 ಲಕ್ಷ ಎನ್ನುತ್ತಾರೆ. ಅದು ಮಿತಿ, ನಿಮ್ಮ ಪಿಎಫ್ ಅಲ್ಲ. ನಿಮ್ಮ ಕ್ಷೇತ್ರದಲ್ಲಿ ಮತಗಟ್ಟೆ ಎರಡು ಸಾವಿರದ ಹತ್ತಿರ ಇವೆ. ಒಂದೊಂದರಲ್ಲೂ ಒಬ್ಬ ಏಜೆಂಟನನ್ನು ಕೂರಿಸಿ ಮಧ್ಯಾಹ್ನ ಊಟ ಕೊಟ್ಟರೆ ಎಷ್ಟು ಎಂದು ಹೆಂಡತಿಯ ಕೈಯಲ್ಲಿ ಲೆಕ್ಕ ಹಾಕಿಸಿ. ನಾನು ನಲವತ್ತು ಜನರನ್ನು ಕೂರಿಸಿದೆ, ಸಂಜೆಗೆ ಹದಿನೇಳು ಜನ ಉಳಿದಿದ್ದರು.

ಈಗ ನನ್ನ ತಪ್ಪು ಹೇಳುತ್ತೇನೆ. ಹೋದ ಹೋದ ಹಳ್ಳಿಯಲ್ಲಿ ನಾನು ಪಾಠ ಮಾಡಿದೆ. ಹಾರುಬೂದಿಯ ಬಗ್ಗೆ ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿದೆ, ಬೂದಿಯನ್ನು ಇಟ್ಟಿಗೆಗೆ, ಸಿಮೆಂಟಿಗೆ ಬಳಸಬೇಕು, ಹೊಂಡದಲ್ಲಿ ಬಿಡಬಾರದು ಎಂದೆಲ್ಲ. ಒಂದು ಊರಿನಲ್ಲಿ ಶಾಲೆಯ ಕಪ್ಪು ಹಲಗೆಯ ಮೇಲೆ ಬಾಯ್ಲರಿನ ಚಿತ್ರವನ್ನೇ ಬರೆದೆ. ಹಿಂದೆ ಕೂತಿದ್ದ ಮುದುಕರೊಬ್ಬರು ಪೂರ್ತಿ ಕೇಳಿಸಿಕೊಂಡು, "ಸಾಹೇಬರೇ, ಕರೆಂಟ್ ಹುಟ್ಟುವುದು ನಮ್ಮ ಮಗ್ಗುಲಲ್ಲೇ. ರಾತ್ರಿ ಪಂಪ್ ಹಚ್ಚಬೇಕೆಂದರೆ ಅದು ಎಲ್ಲಿಗೆ ಹೋಗಿರುತ್ತದೆ?" ಎಂದು ಕೇಳಿದರು. ಗ್ರಿಡ್ ಎಂದರೇನು ಎಂದು ವಿವರಿಸತೊಡಗಿದೆ. ಅವರು ಎದ್ದು ಹೋದರು. ಅವರಿಗೆ ಬೇಕಿದ್ದದ್ದು ಗ್ರಿಡ್ ಅಲ್ಲ. "ಹೌದು, ಅನ್ಯಾಯ" ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಕಾರಣ ಹೇಳುವ ಚಟ ನಮಗೆ. ಬ್ರೇಕ್‌ಡೌನ್ ಆದರೆ ಮೊದಲು ವರದಿ ಬರೆದು ರೂಢಿ.

ಎಡದಂಡೆಯವರು ಹೇಳಿದಂತೆ ನಿಲ್ಲಲೇಬೇಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಭಾಗಕ್ಕೇ ಅದು ಹೊಸತಲ್ಲ. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಪಕ್ಷೇತರರಾಗಿಯೇ ಲೋಕಸಭೆಗೆ ಹೋದವರು. ಆದರೆ ಅವರು ಅದಕ್ಕೆ ಮೊದಲು ನಿಜಾಮನ ವಿರುದ್ಧ ಹೋರಾಡಿದ್ದರು. ನಾವು ಅದಕ್ಕೆ ಮೊದಲು ಓವರ್‌ಟೈಮ್ ಮಾಡಿದ್ದೇವೆ.

ಗೆದ್ದು ಹೋದರೂ ಎಷ್ಟು ಸಾಧ್ಯ ಎಂಬುದು ತಿಳಿದಿರಲಿ. ಒಬ್ಬ ಸಂಸದ ತಾನೇ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾದದ್ದು ಕೊನೆಯ ಬಾರಿ 1970ರಲ್ಲಿ. ಲಿಖಿತ ಉತ್ತರಕ್ಕೆ ದಿನಕ್ಕೆ 230 ಪ್ರಶ್ನೆ ತೆಗೆದುಕೊಳ್ಳುತ್ತಾರೆ, ನಿಮ್ಮದು ಚೀಟಿಯಲ್ಲಿ ಬರಬೇಕು. ಆದರೆ ಬಂದರೆ ಸಚಿವಾಲಯ ಉತ್ತರ ಕೊಡಲೇಬೇಕು, ಅದು ಕಾಗದದ ಮೇಲೆ ಉಳಿಯುತ್ತದೆ. "ಇಂಥ ಜಿಲ್ಲೆಯ ಚಿಮಣಿಗಳಲ್ಲಿ ಇಷ್ಟು ವರ್ಷ ರಾತ್ರಿ ಹೊತ್ತು ಅಳೆದದ್ದು ಎಷ್ಟು ಸಲ?" ಎಂಬ ಒಂದು ಪ್ರಶ್ನೆ ಸಾಕು. ರಾತ್ರಿ ಹೊತ್ತು ಎಂಬ ಆ ಎರಡು ಪದ ಸೇರಿಸಬೇಕೆಂದು ಹೊಳೆಯುವುದು ನಿಮ್ಮಂಥವರಿಗೆ ಮಾತ್ರ. ನಾನು ನಿಮಗೆ ಮತ ಹಾಕುವುದಾದರೆ ಅದಕ್ಕಾಗಿ ಹಾಕುತ್ತಿದ್ದೆ, ಆದರೆ ನನ್ನದು ರಾಯಚೂರು ಕ್ಷೇತ್ರ.

ಪ್ರಶ್ನೆ ಕೇಳಿದವರು: ಕಿಲ್ನ್ ಮೆಕ್ಯಾನಿಕಲ್

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಎಣಿಸಿದೆ. ಹತ್ತರಲ್ಲಿ ಆರು ಜನ ಹೊಸಪೇಟೆಯವರು. ತಂಗೀ, ನಿನ್ನ ಮಾತನ್ನು ನಿಮ್ಮ ಅತ್ತಿಗೆಗೆ ಓದಿ ಹೇಳಿದೆ. ಅಂದು ಪಲ್ಯಕ್ಕೆ ಎಣ್ಣೆ ಸ್ವಲ್ಪ ಹೆಚ್ಚೇ ಬಿದ್ದಿತ್ತು. ಎಡದಂಡೆಯವರೇ, ಹೂಳಿನ ವಿಷಯ ಬರೆದುಕೊಂಡಿದ್ದೇನೆ. ಗೇಟಿನ ಚೈನ್ ವಿಷಯವನ್ನೂ, ಅದು ಹೇಗೂ ನನ್ನ ಕಸುಬಿನದೇ.

ಕಳೆದ ಭಾನುವಾರ ನಮ್ಮ ಕಾರ್ಖಾನೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಹಳ್ಳಿಗೆ ಹೋಗಿದ್ದೆ. ಮತ ಕೇಳುವುದಕ್ಕಲ್ಲ, ಸಹಿಯ ವಿಷಯ ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ ನೋಡೋಣ ಎಂದು. ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಹೇಳಿದೆ. ಇಬ್ಬರು ಎದ್ದು ಹೋದರು. ಒಬ್ಬ, "ಸಂಬಳ ತೆಗೆದುಕೊಂಡಾಗ ನೆನಪಾಗಲಿಲ್ಲವೇ?" ಎಂದ. ಆಗಲಿಲ್ಲ ಎಂದೆ. ಕಾರಣ ಹೇಳಲು ಬಾಯಿ ತೆರೆದೆ, ಠೇವಣಿಯವರ ಮಾತು ನೆನಪಾಗಿ ಮುಚ್ಚಿದೆ.

ಎದುರು ಮನೆಯ ಅಜ್ಜಿ ಬಾಗಿಲಲ್ಲಿ ಕೂತು ಸಜ್ಜೆ ಹಸನು ಮಾಡುತ್ತಿದ್ದವಳು ಕೈಸನ್ನೆ ಮಾಡಿ ಕರೆದಳು. ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದು ನನ್ನ ಮುಂದೆ ಹಿಡಿದಳು. ಆ ಕಪ್ಪು ನನಗೆ ಹೊಸತೇ? ಬಾಯ್ಲರ್ ಸೂಟಿನ ಮೇಲೆ ಇಪ್ಪತ್ತಮೂರು ವರ್ಷ ಹೊತ್ತು ತಿರುಗಿದ್ದು. ಬಯ್ಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಬಯ್ಯಲಿಲ್ಲ. "ಯಾವ ಯಾವ ರಾತ್ರಿ ಎತ್ತಿದ್ದಿರಿ? ಬರೆದಿಟ್ಟಿದ್ದೀಯೇನಪ್ಪಾ?" ಎಂದು ಕೇಳಿದಳು. ಏಕೆ ಎಂದೆ. ಮೊಮ್ಮಗನನ್ನು ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದ ಚೀಟಿಗಳೆಲ್ಲ ಟ್ರಂಕಿನಲ್ಲಿವೆಯಂತೆ. ಎಲ್ಲದರ ಮೇಲೂ ತಾರೀಖು ಇದೆಯಂತೆ.

ಲಾಗ್ ಪುಸ್ತಕ ಕಂಪನಿಯ ಬಳಿ ಇದೆ. ಆದರೆ ಪಾಳಿಯ ವಿಷಯಗಳನ್ನು ನಾನು ನನ್ನ ಸಣ್ಣ ಜೇಬು ಡೈರಿಗಳಲ್ಲೂ ಗೀಚಿಡುತ್ತಿದ್ದೆ. ಬೇರಿಂಗ್ ನಂಬರ್, ಬೆಲ್ಟಿನ ಅಳತೆ, ಯಾರಿಗೆ ರಜೆ, ಕ್ಯಾಪ್ ಎಷ್ಟು ಗಂಟೆಗೆ. ಅಟ್ಟದ ಮೇಲಿಂದ ಇಳಿಸಿದ್ದೇನೆ. ಮೂರಕ್ಕೆ ಗೆದ್ದಲು ಹತ್ತಿದೆ, ಉಳಿದವು ಚೆನ್ನಾಗಿವೆ. ಅರ್ಜಿ, ಠೇವಣಿ, ಚಿಹ್ನೆ ಎಲ್ಲ ಆಮೇಲೆ ನೋಡುತ್ತೇನೆ. 2016ರ ಡೈರಿಯಿಂದ ಶುರು ಮಾಡಿದ್ದೇನೆ, ಹೆಂಡತಿ ಕೂತು ತಾರೀಖು ಬರೆದುಕೊಳ್ಳುತ್ತಿದ್ದಾಳೆ. ಮಾರ್ಚ್‌ವರೆಗೆ ಬಂದಿದ್ದೇವೆ. ಹದಿನಾಲ್ಕು ರಾತ್ರಿ.